ಕಂಪ್ಯುಟೇಷನಲ್ ಮ್ಯಾಥ್ಸ್ ಅಂದ್ರೆ ಏನ್ ಮಾಡ್ತೀರಾ? ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಹಾಸನದಲ್ಲೇ ಇದ್ಕೊಂಡು ಮ್ಯಾಥ್ಸ್ ಪಾಠ ಮಾಡ್ತಾ, ಉಳಿದ ಟೈಮಲ್ಲಿ ಇದೇ ವಿಷಯದಲ್ಲಿ ರಿಸರ್ಚ್ ಮಾಡ್ತೀನಿ. ಮದ್ವೆ ಮನೇಲಿ, ಬೆಂಗಳೂರು ಟ್ರೈನಲ್ಲಿ, ಸಕಲೇಶಪುರದ ನೆಂಟರ ತೋಟದ ಕಣದಲ್ಲಿ, ಎಲ್ಲೇ ಹೋದ್ರೂ ಜನ ಕೇಳೋದು ಹೆಚ್ಚು ಕಮ್ಮಿ ಇವೇ ಪ್ರಶ್ನೆಗಳು. ಪ್ರತಿ ಸಲ ಅರ್ಧಂಬರ್ಧ ಹೇಳಿ ಎದ್ದು ಬರೋ ಬದಲು ಒಂದ್ಸಲ ಸಮಾಧಾನವಾಗಿ ಕೂತು ಬರೆದಿದೀನಿ. ಡಿಗ್ರಿ ಹುಡುಗ್ರು, ಅವರ ಅಪ್ಪ ಅಮ್ಮ, ತೋಟದವರು ಎಲ್ರಿಗೂ ಸೇರಿಸಿ ಬರೆದಿರೋದ್ರಿಂದ ನಿಮಗೆ ಬೇಕಾದ್ದು ಓದ್ಕೊಳಿ.

ಒಂದೇ ಮಾತಲ್ಲಿ ಹೇಳಿ, ನಿಮ್ಮ ಕೆಲಸ ಏನು?

ನೀರು ಹರಿಯೋದು, ಬಿಸಿ ಹರಡೋದು, ಗಾಳಿ ಸುತ್ತೋದು, ಗುಡ್ಡ ಜಾರೋದು ಇವಕ್ಕೆಲ್ಲ ಸಮೀಕರಣ ಇದೆ, ನೂರಿನ್ನೂರು ವರ್ಷದಿಂದ ಗೊತ್ತಿರೋವೇ, ಆದ್ರೆ ಪೆನ್ನು ಪೇಪರಲ್ಲಿ ಬಿಡಿಸೋಕೆ ಆಗೋದು ಬೆರಳೆಣಿಕೆಯಷ್ಟು ಸುಲಭದ ಕೇಸ್ ಮಾತ್ರ. ಉಳಿದದ್ದನ್ನ ಕಂಪ್ಯೂಟರ್ ಕೈಲಿ ಲೆಕ್ಕ ಹಾಕಿಸ್ಬೇಕು. ಹಾಕಿಸೋ ದಾರಿ ಹುಡುಕೋದು, ಆ ದಾರಿಲಿ ಬಂದ ಉತ್ತರನ ಎಷ್ಟರಮಟ್ಟಿಗೆ ನಂಬಬಹುದು ಅಂತ ಸಾಬೀತು ಮಾಡೋದು ನಮ್ಮ ಕೆಲಸ. ಇನ್ನರ್ಧ ಕೆಲಸ ಚಿತ್ರಗಳದ್ದು. ಆಸ್ಪತ್ರೆ ಸ್ಕ್ಯಾನು, ಉಪಗ್ರಹದ ಫೋಟೋ, ಕಾಡಲ್ಲಿ ಕಟ್ಟಿದ ಕ್ಯಾಮೆರಾದ ಫೋಟೋ, ಇವುಗಳಿಂದ ಅಳತೆ ತೆಗೆಯೋದು.

ಬಿಸಿ ಹರಡೋದಕ್ಕೂ ಫೋಟೋಗೂ ಏನ್ ಸಂಬಂಧ ಮೇಡಂ? ಎರಡನ್ನೂ ಒಬ್ಬರೇ ಯಾಕೆ ಮಾಡ್ತಾರೆ?

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ನಾನು ಈ ಫೀಲ್ಡಿಗೆ ಬಂದಿದ್ದೇ ಇದಕ್ಕೆ ಉತ್ತರ ಸಿಕ್ಕ ದಿನ.

ಕಣದಲ್ಲಿ ಹರವಿರೋ ಕಾಫಿ ನೋಡಿ. ಪಲ್ಪ್ ಮಾಡಿ ತೊಳೆದ ಪಾರ್ಚ್‌ಮೆಂಟಲ್ಲಿ, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸಿ ಒಳಸಿಪ್ಪೆ ಮಾತ್ರ ಉಳಿಸಿದ ಬೀಜದಲ್ಲಿ, ಶುರುವಿಗೆ ಅರ್ಧಕ್ಕರ್ಧ ನೀರೇ ಇರುತ್ತೆ, ಅದನ್ನ ಸುಮಾರು 10 ಪರ್ಸೆಂಟ್‌ಗೆ ಇಳಿಸ್ಬೇಕು. ಬೀಜದ ಹೊರಗಡೆ ಬೇಗ ಒಣಗುತ್ತೆ, ಒಳಗೆ ತೇವ ಜಾಸ್ತಿ ಇರುತ್ತೆ, ತೇವ ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ನಿಧಾನಕ್ಕೆ ನಡೀತಾ ಹೋಗುತ್ತೆ. ಬಿಸಿಗೆ ಈ ಸಮೀಕರಣನ ಫೂರಿಯೇ ಅನ್ನೋ ಫ್ರೆಂಚ್ ಗಣಿತಜ್ಞ 1822ರಲ್ಲಿ ಪ್ರಕಟ ಮಾಡಿದ, ಒಂದು ವಸ್ತು ಇನ್ನೊಂದರೊಳಗೆ ಹರಡೋದಕ್ಕೂ ಅದೇ ನಿಯಮ ಅಂತ 1855ರಲ್ಲಿ ಫಿಕ್ ಹೇಳಿದ. ಅದರಿಂದ ತಕ್ಷಣ ಸಿಗೋ ಒಂದು ಫಲ ಏನು ಅಂದ್ರೆ, ಒಳಗಿನ ತೇವ ಹೊರಗೆ ಬರೋದೇ ನಿಧಾನ ಆಗಿರೋ ಕಡೆ ದಪ್ಪ ಎರಡರಷ್ಟಾದ್ರೆ ಒಣಗೋ ಟೈಮ್ ನಾಲ್ಕರಷ್ಟಾಗುತ್ತೆ, ಎರಡರಷ್ಟಲ್ಲ.

ಈಗ ಹಳೇಬೀಡಲ್ಲಿ ದೇವಸ್ಥಾನದ ಒಳಗೆ ಕತ್ತಲಲ್ಲಿ ಫೋನಲ್ಲಿ ಒಂದು ಫೋಟೋ ತೆಗೀರಿ. ಜೂಮ್ ಮಾಡಿದ್ರೆ ರವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ. ಫೋಟೋ ಅಂದ್ರೆ ಕಂಪ್ಯೂಟರಿಗೆ ಬರೀ ನಂಬರ್‌ಗಳ ಹಾಳೆ, ಬೆಳಕು ಜಾಸ್ತಿ ಇದ್ರೆ ದೊಡ್ಡ ನಂಬರು, ಕಮ್ಮಿ ಇದ್ರೆ ಸಣ್ಣದು. ಆ ನಂಬರ್‌ಗಳನ್ನ ಬಿಸಿ ಅಂತ ಅಂದ್ಕೊಂಡು ಅದೇ ಫೂರಿಯೇ ಸಮೀಕರಣ ಸ್ವಲ್ಪ ಹೊತ್ತು ಓಡಿಸಿದ್ರೆ ಚುಕ್ಕಿಗಳು ಕರಗಿಹೋಗ್ತವೆ. ಫೋನಲ್ಲಿ 'ಬ್ಲರ್' ಅಂತ ಒತ್ತುತ್ತೀರಲ್ಲ, ಸಾಮಾನ್ಯವಾಗಿ ಅದರ ಹಿಂದೆ ಇರೋದು ಇದೇ ಲೆಕ್ಕ. ಕಾಫಿ ಬೀಜಕ್ಕೂ ಫೋಟೋಗೂ ಒಂದೇ ಸಮೀಕರಣ ಅಂತ ಗೊತ್ತಾದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆದ್ರೆ ತೊಂದ್ರೆನೂ ಅಲ್ಲೇ ಇದೆ. ಚುಕ್ಕಿ ಜೊತೆಗೆ ಮದನಿಕೆಯ ಕತ್ತಿನ ಸರ, ಬೆರಳಿನ ಅಂಚು ಎಲ್ಲಾ ಕರಗಿಹೋಗುತ್ತೆ. ಬಳಪದ ಕಲ್ಲಲ್ಲಿ ಅಷ್ಟು ಸೂಕ್ಷ್ಮ ಕೆತ್ತಿರೋದನ್ನ ನಾವು ಮೇಣದ ಬೊಂಬೆ ಮಾಡಿಟ್ರೆ ಹೇಗೆ? ಅದಕ್ಕೆ 1990ರಲ್ಲಿ ಪೆರೋನಾ, ಮಲಿಕ್ ಇಬ್ಬರೂ ಸಮೀಕರಣನೇ ಸ್ವಲ್ಪ ತಿದ್ದಿದ್ರು: ಅಂಚು ಕಂಡ ಕಡೆ ಹರಡೋದು ನಿಲ್ಲಲಿ, ಸಪಾಟಾಗಿರೋ ಕಡೆ ಮಾತ್ರ ಹರಡಲಿ, ಅಂದ್ರೆ ಗದ್ದೆ ಬದು ಇದ್ದ ಹಾಗೆ, ನೀರು ಬದುವಿನ ಒಳಗೇ ಸಮ ಆಗುತ್ತೆ ಆಚೆ ಗದ್ದೆಗೆ ಹೋಗಲ್ಲ. 1992ರಲ್ಲಿ ರೂಡಿನ್, ಓಷರ್, ಫಾತೆಮಿ ಮೂವರು ಇನ್ನೊಂದು ದಾರಿ ತೋರಿಸಿದ್ರು, ಟೋಟಲ್ ವೇರಿಯೇಷನ್ ಅಂತ ಅದರ ಹೆಸರು, ಅಕ್ಕಪಕ್ಕದ ಚುಕ್ಕಿಗಳ ವ್ಯತ್ಯಾಸ ಎಲ್ಲಾ ಕೂಡಿಸಿ ಆ ಮೊತ್ತನ ಕಮ್ಮಿ ಮಾಡೋದು, ಇವತ್ತಿಗೂ ನಮ್ಮ ದಿನದ ಊಟ ಅದು. ಓಷರ್ ಅದಕ್ಕೂ ಮುಂಚೆ ಶಾಕ್ ವೇವ್, ಗಾಳಿ ಹರಿವಿನ ಲೆಕ್ಕ ಮಾಡ್ತಿದ್ದವರು, ಅಲ್ಲಿನ ಉಪಾಯನ ಫೋಟೋಗೆ ತಂದ್ರು. ಹಂಗಾಗಿ ಇವು ಎರಡು ಬೇರೆ ಸಬ್ಜೆಕ್ಟ್ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ಕಂಪ್ಯೂಟರ್ ಈ ಸಮೀಕರಣನ ಹೇಗೆ ಬಿಡಿಸುತ್ತೆ?

ಜಾಗನ ಚೌಕ ಚೌಕ ಮಾಡಿ, ಪ್ರತಿ ಚೌಕಕ್ಕೂ ಅಕ್ಕಪಕ್ಕದ ಚೌಕದ ಜೊತೆ ಏನು ಲೇವಾದೇವಿ ಅಂತ ಬರೆದು, ಎಲ್ಲಾ ಸೇರಿಸಿ ಒಂದೇ ಸಲ ಬಿಡಿಸುತ್ತೆ. ಫೋಟೋ ಆಗಲೇ ಚೌಕ ಚೌಕವಾಗೇ ಬಂದಿರುತ್ತೆ, ಅದು ನಮ್ಮ ಅದೃಷ್ಟ. ಗುಡ್ಡ, ಸೇತುವೆ, ಹೃದಯ ಇಂಥ ಅಂಕುಡೊಂಕು ಆಕಾರಕ್ಕೆ ಚೌಕದ ಬದಲು ತ್ರಿಕೋನ ಹಾಕ್ತೀವಿ. ಅದಕ್ಕೆ ಫೈನೈಟ್ ಎಲಿಮೆಂಟ್ ಅಂತಾರೆ, ಕೂರಂಟ್ 1943ರಲ್ಲೇ ಆ ಯೋಚನೆ ಬರೆದಿದ್ರು, ಆ ಹೆಸರಿಟ್ಟಿದ್ದು ಕ್ಲಫ್, 1960ರಲ್ಲಿ.

ಅದಕ್ಕೆಲ್ಲ ಸೂಪರ್ ಕಂಪ್ಯೂಟರ್ ಬೇಕಲ್ವಾ? ನಮ್ಮ ಹತ್ರ ಹಳೇ ಲ್ಯಾಪ್‌ಟಾಪ್ ಇದೆ ಅಷ್ಟೆ.

ಬುದ್ಧಿ ಉಪಯೋಗಿಸಿದ್ರೆ ಹಳೇ ಲ್ಯಾಪ್‌ಟಾಪೇ ತುಂಬಾ ದೂರ ಕರ್ಕೊಂಡು ಹೋಗುತ್ತೆ. ಸಾವಿರಕ್ಕೆ ಸಾವಿರ ಚುಕ್ಕಿಯ ಒಂದು ಫೋಟೋ ತಗೊಳಿ, ಒಟ್ಟು 10 ಲಕ್ಷ ಚುಕ್ಕಿ, ಅಂದ್ರೆ 10 ಲಕ್ಷ ಸಮೀಕರಣ. ಅವುಗಳ ಪೂರ್ತಿ ಮ್ಯಾಟ್ರಿಕ್ಸ್, ಅಂದ್ರೆ ನಂಬರ್‌ಗಳ ಕೋಷ್ಟಕ, ಬರೆದಿಡ್ತೀನಿ ಅಂದ್ರೆ 1 ಲಕ್ಷ ಕೋಟಿ ನಂಬರ್ ಆಗುತ್ತೆ, 8 ಟೆರಾಬೈಟ್ ಜಾಗ ಬೇಕು. ಆದ್ರೆ ಪ್ರತಿ ಚುಕ್ಕಿಗೆ ತಾನು ಮತ್ತೆ ನಾಲ್ಕು ನೆರೆಯವರು ಅಷ್ಟೇ ಲೆಕ್ಕಕ್ಕೆ ಬರೋದು, ಉಳಿದದ್ದೆಲ್ಲ ಸೊನ್ನೆ, ಸೊನ್ನೆ ಬಿಟ್ಟು ಬರೆದಿಟ್ರೆ 50 ಲಕ್ಷ ನಂಬರ್, ಸುಮಾರು 40 ಎಂಬಿ, ಎಲ್ಲೆಲ್ಲಿವೆ ಅನ್ನೋ ವಿಳಾಸ ಸೇರಿಸಿದ್ರೂ ಅದರ ಒಂದೆರಡು ಪಟ್ಟು. ಟೆರಾಬೈಟ್‌ನಿಂದ ಎಂಬಿಗೆ ಬಂದ್ವಲ್ಲ, ದುಡ್ಡು ಕೊಟ್ಟು ದೊಡ್ಡ ಮೆಷಿನ್ ತಂದಿದ್ದರಿಂದಲ್ಲ, ಗಣಿತ ನೋಡಿ ಬರೆದಿದ್ದರಿಂದ.

ದೊಡ್ಡ ಕೆಲಸಕ್ಕೆ ದೊಡ್ಡ ಮೆಷಿನ್ ಬೇಕೇ ಬೇಕು, ಅದೂ ಇದೆ. ಬೆಂಗಳೂರಿನ ಐಐಎಸ್‌ಸಿಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್‌ದು, ಅಂದ್ರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ.

ಗೊರೂರು ಡ್ಯಾಮಿಂದ ನೀರು ಬಿಟ್ರೆ ಎಲ್ಲಿ ತನಕ ಬರುತ್ತೆ ಅಂತ ಹೇಳ್ತೀರಾ?

ಲೆಕ್ಕ ಹಾಕೋ ವಿಧಾನ ಇದೆ. ಹೇಮಾವತಿ ಬಳ್ಳಾಲರಾಯನ ದುರ್ಗದ ಕಡೆ ಹುಟ್ಟಿ ಸಕಲೇಶಪುರ ದಾಟಿ ಗೊರೂರಿಗೆ ಬರ್ತಾಳೆ, ಅಲ್ಲಿ ಡ್ಯಾಮ್ ಮುಗಿದಿದ್ದು 1979ರಲ್ಲಿ. ಹೊಳೆಗೆ ಹಾಕೋ ಸಮೀಕರಣ ಸೇಂಟ್ ವೆನಾಂಟ್ ಅನ್ನೋ ಫ್ರೆಂಚ್ ಇಂಜಿನಿಯರ್ 1871ರಲ್ಲಿ ಕೊಟ್ಟಿದ್ದು. ಅಲೆಯ ವೇಗ ಆಳದ ಮೇಲೆ ಹೋಗುತ್ತೆ, 10 ಮೀಟರ್ ಆಳ ಇದ್ರೆ ಸೆಕೆಂಡಿಗೆ ಹೆಚ್ಚು ಕಮ್ಮಿ 10 ಮೀಟರ್. ನೀವು 10 ಮೀಟರ್ ಚೌಕ ಇಟ್ಕೊಂಡ್ರೆ ಒಂದು ಸಲಕ್ಕೆ 1 ಸೆಕೆಂಡಿಗಿಂತ ಮುಂದೆ ಜಿಗಿಯೋ ಹಾಗಿಲ್ಲ, ಜಿಗಿದ್ರೆ ಅಲೆ ಚೌಕನೇ ದಾಟಿ ಹೋಗಿರುತ್ತೆ, ಲೆಕ್ಕಕ್ಕೆ ಸಿಗಲ್ಲ. ಇದನ್ನ ಕೂರಂಟ್, ಫ್ರೀಡ್ರಿಕ್ಸ್, ಲೆವಿ 1928ರಲ್ಲಿ, ಅಂದ್ರೆ ಕಂಪ್ಯೂಟರ್ ಹುಟ್ಟೋಕೆ ಮುಂಚೆನೇ ತೋರಿಸಿದ್ರು. ಚೌಕದ ಅಗಲ ಅರ್ಧಕ್ಕೆ ಇಳಿಸಿದ್ರೆ ಚೌಕಗಳ ಸಂಖ್ಯೆ ನಾಲ್ಕರಷ್ಟು, ಹೆಜ್ಜೆ ಎರಡರಷ್ಟು, ಒಟ್ಟು ಕೆಲಸ ಎಂಟು ಪಟ್ಟು, ಅದಕ್ಕೇ 'ಇನ್ನೂ ಸ್ವಲ್ಪ ಕ್ಲಿಯರ್ ಮಾಡಿ' ಅಂತ ಕೇಳಿದಾಗ ನಾವು ಒಂದ್ನಿಮಿಷ ಯೋಚನೆ ಮಾಡೋದು.

ನನ್ನದೇ ಒಂದು ಅನುಭವ ಹೇಳ್ತೀನಿ. ಹೊಳೆ ಹರಿಯೋ ಕೋಡ್ ಮೊದಲನೇ ಸಲ ನಾನೇ ಬರೆದಾಗ ನೀಲಿ ನೀರು ಗದ್ದೆಗೆ ನುಗ್ಗೋದು ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ಮನೆಯವರಿಗೆಲ್ಲ ತೋರಿಸಿದ್ದೆ. ಆಮೇಲೆ ಒಂದಿನ ಒಟ್ಟು ನೀರು ಎಷ್ಟಿದೆ ಅಂತ ಕೂಡಿಸಿ ನೋಡ್ತೀನಿ, ಶುರುವಲ್ಲಿ ಇದ್ದಿದ್ದಕ್ಕಿಂತ ಜಾಸ್ತಿ ಇದೆ! ದಡದ ಹತ್ರ ಕೆಲವು ಚೌಕದಲ್ಲಿ ಆಳ ಮೈನಸ್ ಬರ್ತಿತ್ತು, ನಾನು ಅದನ್ನ ಸೊನ್ನೆ ಮಾಡಿ ಮುಂದೆ ಹೋಗ್ತಿದ್ದೆ, ಪ್ರತಿ ಸಲ ಸೊನ್ನೆ ಮಾಡಿದಾಗ್ಲೂ ಒಂದ್ಚೂರು ನೀರನ್ನ ನಾನೇ ಸುರಿದ ಹಾಗಾಯ್ತು. ಸಾವಿರಾರು ಹೆಜ್ಜೆಲಿ ಅದು ಒಂದು ಕೆರೆ ಆಗಿತ್ತು. ಅವತ್ತಿಂದ ಯಾರ ಸಿಮ್ಯುಲೇಷನ್ ನೋಡಿದ್ರೂ ನಾನು ಮೊದಲು ಕೇಳೋದು ನೀರು ಲೆಕ್ಕಕ್ಕೆ ಸರಿ ಬರ್ತಿದೆಯಾ ಅಂತ.

ಮತ್ತೆ ಉತ್ತರ ಸರಿ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ ಮೊದಲೇ ಗೊತ್ತಿರೋ ಪ್ರಶ್ನೆನ ಕೋಡಿಗೆ ಕೊಟ್ಟು ನೋಡ್ತೀವಿ. ಹೊಳೆ ವಿಷಯದಲ್ಲಿ ರಿಟ್ಟರ್ 1892ರಲ್ಲಿ ಬಿಡಿಸಿದ ಒಂದು ಕೇಸ್ ಇದೆ: ಸಪಾಟು ನೆಲ, ಆಚೆ ಕಡೆ ಒಣ, ಉಜ್ಜಾಟ ಇಲ್ಲ, ಮಧ್ಯದ ಗೋಡೆ ತಟ್ಟಂತ ಇಲ್ಲವಾಯ್ತು ಅಂತ ಇಟ್ಕೊಳಿ. ಗೋಡೆ ಹಿಂದೆ 9 ಮೀಟರ್ ನೀರಿದ್ರೆ ಗೋಡೆ ಇದ್ದ ಜಾಗದಲ್ಲಿ ಆಳ ಕರೆಕ್ಟಾಗಿ 4 ಮೀಟರಿಗೆ ಬಂದು ನಿಲ್ಲುತ್ತೆ, ಬದಲಾಗಲ್ಲ. ನಿಮ್ಮ ಕೋಡ್ 4 ಕೊಡ್ಲಿಲ್ವಾ, ನಿಜವಾದ ಹೊಳೆ ಹತ್ರ ಹೋಗ್ಲೇಬೇಡಿ. 4 ಕೊಡ್ತು ಅಂದ್ರೂ ಚೌಕ ಸಣ್ಣ ಮಾಡ್ತಾ ಹೋದ ಹಾಗೆ ತಪ್ಪು ಎಷ್ಟು ವೇಗವಾಗಿ ಕಮ್ಮಿ ಆಗುತ್ತೆ ಅಂತ ನೋಡ್ಬೇಕು, ಆಮೇಲೆ ಅಳತೆ ಮಾಡಿರೋ ನಿಜವಾದ ಪ್ರವಾಹದ ಜೊತೆ ಹೋಲಿಸ್ಬೇಕು. ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಬಣ್ಣ ಬಣ್ಣದ ಚಿತ್ರ ಹತ್ತು ಇರುತ್ತೆ, ಈ ಪರೀಕ್ಷೆ ಒಂದೂ ಇರಲ್ಲ, ಅದು ನೋಡಿದಾಗ ನಿಜವಾಗ್ಲೂ ಬೇಜಾರಾಗುತ್ತೆ.

ಪಕ್ಕದ ತೋಟಕ್ಕೆ ಒಂದಿಂಚು ಇಪ್ಪತ್ತು ಸೆಂಟ್ಸ್ ಮಳೆ ಬಂತು, ನಮಗೆ ಹತ್ತು ಸೆಂಟ್ಸೂ ಇಲ್ಲ. ಇಷ್ಟೆಲ್ಲ ಲೆಕ್ಕ ಹಾಕೋರು ಇದನ್ನ ಯಾಕೆ ಹೇಳಲ್ಲ?

ಹೂ ಮಳೆ, ಅಂದ್ರೆ ಕಾಫಿ ಹೂ ಬಿಡೋಕೆ ಬೇಕಾದ ಬೇಸಿಗೆ ಮಳೆ ಟೈಮಲ್ಲಿ ಮೂಡಿಗೆರೆ ಕಡೆಯಿಂದ ಈ ಪ್ರಶ್ನೆ ಬರದೇ ಇರೋ ವರ್ಷ ಇಲ್ಲ, ಒಂದು ಮಳೆ ಹೆಚ್ಚು ಕಮ್ಮಿ ಆದ್ರೆ ವರ್ಷದ ಫಸಲೇ ಹೋಗುತ್ತೆ ಅಂತ ನನಗೂ ಗೊತ್ತು. ವಾತಾವರಣದ ಲೆಕ್ಕಕ್ಕೂ ಇದೇ ಥರ ಚೌಕ ಹಾಕ್ತಾರೆ, 2025ರ ಮೇ ತಿಂಗಳಲ್ಲಿ ಶುರುವಾದ ನಮ್ಮ ದೇಶದ ಹವಾಮಾನ ಮುನ್ಸೂಚನೆಯ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಆ ಚೌಕ 6 ಕಿಲೋಮೀಟರ್, ಅದಕ್ಕೆ ಮುಂಚೆ 12. ನಿಮ್ಮ ತೋಟ, ಪಕ್ಕದ ತೋಟ, ಮಧ್ಯದ ಗುಡ್ಡ ಮೂರೂ ಒಂದೇ ಚೌಕದಲ್ಲಿ ಬಿದ್ದಿರುತ್ತೆ, ಆ ಚೌಕಕ್ಕೆಲ್ಲ ಸೇರಿ ಒಂದೇ ನಂಬರು. ಬೇಸಿಗೆ ಗುಡುಗು ಮೋಡ ಎಷ್ಟೋ ಸಲ ಅದಕ್ಕಿಂತ ಚಿಕ್ಕದು.

ಇದರ ಚರಿತ್ರೆ ಗೊತ್ತಾದ್ರೆ ಇಲ್ಲಿಗೆ ಬಂದಿದ್ದೇ ದೊಡ್ಡದು ಅನ್ಸುತ್ತೆ. ರಿಚರ್ಡ್‌ಸನ್ ಅನ್ನೋರು ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಲ್ಲಿ ಆಂಬುಲೆನ್ಸ್ ಕೆಲಸ ಮಾಡ್ತಾ ಕೈಯಲ್ಲೇ 6 ಗಂಟೆಯ ಹವಾಮಾನ ಲೆಕ್ಕ ಹಾಕಿದ್ರು, ಗಾಳಿ ಒತ್ತಡ 145 ಹೆಕ್ಟೋಪಾಸ್ಕಲ್ ಏರುತ್ತೆ ಅಂತ ಬಂತು, ನಿಜವಾಗಿ ಅವತ್ತು ಒತ್ತಡ ಹೆಚ್ಚು ಕಮ್ಮಿ ಅಲ್ಲಾಡಿರಲೇ ಇಲ್ಲ. ಆ ತಪ್ಪು ಉತ್ತರನ ಮುಚ್ಚಿಡದೆ 1922ರಲ್ಲಿ ಪ್ರಕಟ ಮಾಡಿದ್ರು. ಸಮೀಕರಣದಲ್ಲಿ ದೋಷ ಇರಲಿಲ್ಲ, ಶುರುವಿನ ಅಳತೆಗಳು ಒಂದಕ್ಕೊಂದು ಹೊಂದ್ತಾ ಇರಲಿಲ್ಲ. ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಎನಿಯಾಕ್ ಅನ್ನೋ ಮೊದಮೊದಲ ಕಂಪ್ಯೂಟರ್ ಮೇಲೆ ಅದನ್ನ ಸರಿಯಾಗಿ ಮಾಡಿ ತೋರಿಸೋ ಹೊತ್ತಿಗೆ 1950.

ತೋಟದ ಮಳೆ ಬುಕ್ಕು, ಅಜ್ಜನ ಕಾಲದಿಂದ ಬರೆದಿಟ್ಟಿರೋದು, ದಯವಿಟ್ಟು ರದ್ದಿಗೆ ಹಾಕ್ಬೇಡಿ. ಒಂದು ಸೆಂಟ್ ಅಂದ್ರೆ ಇಂಚಿನ ನೂರರಲ್ಲೊಂದು ಭಾಗ, 0.254 ಮಿಲಿಮೀಟರ್, ಹಂಗೇ ಕಂಪ್ಯೂಟರಿಗೆ ಹತ್ತಿಸಬಹುದು, ಮಾಡೆಲ್ ಎಲ್ಲಿ ತಪ್ತಿದೆ ಅಂತ ಹೇಳೋಕೆ ಅಂಥ ಅಳತೆಗಿಂತ ಒಳ್ಳೆ ಸಾಕ್ಷಿ ಇಲ್ಲ.

ನಮ್ಮ ಹಾಸನದ ಎಂಸಿಎಫ್‌ನಲ್ಲೇ ಮೋಡದ ಫೋಟೋ ತಯಾರಾಗೋದಾ?

1982ರಿಂದ ಇಲ್ಲಿರೋ ಎಂಸಿಎಫ್ (ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಉಪಗ್ರಹಗಳನ್ನ ಅವುಗಳ ಜಾಗದಲ್ಲಿ ಸರಿಯಾಗಿ ನಿಲ್ಲಿಸೋ, ನೋಡ್ಕೊಳೋ ಕೇಂದ್ರ. ಇನ್ಸಾಟ್-3ಡಿಆರ್, 2024ರಲ್ಲಿ ಹೋದ ಇನ್ಸಾಟ್-3ಡಿಎಸ್ ಇವು 36 ಸಾವಿರ ಕಿಲೋಮೀಟರ್ ಮೇಲಿಂದ ಕಳಿಸೋ ಚಿತ್ರಗಳನ್ನ ಹವಾಮಾನಕ್ಕೆ ಬಳಸೋರು ಬೇರೆ ಕಡೆ ಇದಾರೆ. ಆದ್ರೆ ಉಪಗ್ರಹ ಒಂಚೂರು ಓಲಾಡಿದ್ರೂ ಅಷ್ಟು ದೂರದಿಂದ ಚಿತ್ರ ಕಿಲೋಮೀಟರ್‌ಗಟ್ಲೆ ಜಾರುತ್ತೆ, ಹಂಗಾಗಿ ಈ ಕೆಲಸ ಇಲ್ದೆ ಆ ಕೆಲಸ ಇಲ್ಲ.

ಅರ್ಧ ಗಂಟೆಗೊಂದು ಚಿತ್ರ ಬರುತ್ತೆ. ಹಿಂದಿನ ಚಿತ್ರದಲ್ಲಿದ್ದ ಮೋಡದ ತುಂಡು ಈ ಚಿತ್ರದಲ್ಲಿ ಎಲ್ಲಿಗೆ ಸರಿದಿದೆ ಅಂತ ಕಂಪ್ಯೂಟರ್ ಹುಡುಕುತ್ತೆ, ಎಷ್ಟು ಸರಿದಿದೆಯೋ ಅದೇ ಅಲ್ಲಿನ ಗಾಳಿ ವೇಗ. ಸಮುದ್ರದ ಮೇಲೆ ಅಳೆಯೋಕೆ ಯಾರೂ ಇಲ್ಲದ ಕಡೆ ಗಾಳಿ ಗೊತ್ತಾಗೋ ಮುಖ್ಯ ದಾರಿಗಳಲ್ಲಿ ಇದೊಂದು, ಆ ಗಾಳಿನ ತಗೊಂಡೋಗಿ ಹವಾಮಾನದ ಸಿಮ್ಯುಲೇಷನ್‌ಗೆ ಶುರುವಿನ ಅಳತೆಯಾಗಿ ಕೊಡ್ತಾರೆ. ರಿಚರ್ಡ್‌ಸನ್‌ಗೆ ಸಿಗದೆ ಹೋಗಿದ್ದು ಇದೇ.

ಶೇಕ್ ಆಗಿರೋ ಫೋಟೋನ ಪೂರ್ತಿ ಕ್ಲಿಯರ್ ಮಾಡ್ಬಹುದಾ, ಸಿನಿಮಾದಲ್ಲಿ ತೋರಿಸ್ತಾರಲ್ಲ ಹಂಗೆ?

ಪೂರ್ತಿ ಆಗಲ್ಲ. ಡಿಕಾಕ್ಷನ್‌ಗೆ ಹಾಲು ಹಾಕಿ ಕಲಸಿದ ಮೇಲೆ ಹಾಲಿನ ಮೊದಲನೇ ಹನಿ ಎಲ್ಲಿ ಬಿದ್ದಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕೋಕೆ ಹೋದ್ರೆ ಏನಾಗುತ್ತೋ ಅದೇ ಕಥೆ, ಬ್ಲರ್ ಆದ ಚಿತ್ರದಲ್ಲಿ ಉಳಿದಿರೋ ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು ಹಿಂದಕ್ಕೆ ಓಡಿಸುವಾಗ ರಾಕ್ಷಸ ಆಗುತ್ತೆ. ಅದಕ್ಕೆ ನಮಗೆ ಮೊದಲೇ ಗೊತ್ತಿರೋ ವಿಷಯ, ಉದಾಹರಣೆಗೆ 'ಅಕ್ಷರಕ್ಕೆ ಅಂಚು ಇರುತ್ತೆ', 'ನಂಬರು ಮೈನಸ್ ಇರಲ್ಲ' ಅಂತ ಸೇರಿಸಿ ಹಿಡಿದಿಡ್ತೀವಿ. ಸಿಟಿ ಸ್ಕ್ಯಾನ್ ಕೂಡ ಹಿಂದಕ್ಕೆ ಓಡೋ ಲೆಕ್ಕವೇ, ಎಕ್ಸ್‌ರೇ ಒಳಗೆ ಹೋಗಿ ಎಷ್ಟು ಕಮ್ಮಿಯಾಗಿ ಬಂತು ಅನ್ನೋದ್ರಿಂದ ಒಳಗೆ ಏನಿದೆ ಅಂತ ಕಂಡುಹಿಡಿಯೋದು. ಅದರ ಸೂತ್ರ ರೇಡಾನ್ ಅನ್ನೋ ಗಣಿತಜ್ಞ 1917ರಲ್ಲಿ ಬರೆದಿದ್ದು, ಮೊದಲನೇ ರೋಗಿಯ ತಲೆ ಸ್ಕ್ಯಾನ್ ಆಗಿದ್ದು 1971ರಲ್ಲಿ ಲಂಡನ್‌ನಲ್ಲಿ, ಕಾರ್ಮ್ಯಾಕ್, ಹೌನ್ಸ್‌ಫೀಲ್ಡ್ ಇಬ್ಬರಿಗೆ ನೊಬೆಲ್ 1979ರಲ್ಲಿ. ಏನಕ್ಕೆ ಉಪಯೋಗ ಈ ಗಣಿತ ಅಂತ ಕೇಳೋರಿಗೆ ನಾನು ಆ ಐವತ್ನಾಲ್ಕು ವರ್ಷದ ಗ್ಯಾಪ್ ನೆನಪಿಸ್ತೀನಿ.

ಆಲೂಗಡ್ಡೆ ಎಲೆ ಫೋಟೋ ಹಾಕಿದ್ರೆ ಅಂಗಮಾರಿ ಅಂತ ಹೇಳೋ ಆಪ್ ನಂಬಬಹುದಾ?

ಹುಷಾರಾಗಿರಿ. ಪ್ಲಾಂಟ್‌ವಿಲೇಜ್ ಅಂತ ಎಲೆ ಫೋಟೋಗಳ ದೊಡ್ಡ ಸಂಗ್ರಹ ಇದೆ, ಆಲೂಗಡ್ಡೆನೂ ಅದರಲ್ಲಿದೆ. 2016ರಲ್ಲಿ ಅದರ 54,306 ಫೋಟೋ ಬಳಸಿ ಮಾಡಿದ ಮಾಡೆಲ್ ಅದೇ ಸಂಗ್ರಹದ ಫೋಟೋಗಳ ಮೇಲೆ 99.35 ಪರ್ಸೆಂಟ್ ಸರಿ ಹೇಳ್ತು. ಬೇರೆ ಕಡೆ, ಬೇರೆ ಪರಿಸ್ಥಿತಿಲಿ ತೆಗೆದ ಫೋಟೋ ಕೊಟ್ಟಾಗ 31 ಪರ್ಸೆಂಟ್ ಚಿಲ್ಲರೆಗೆ ಇಳೀತು, ಅದನ್ನ ಮಾಡಿದವರೇ ಬರೆದಿದಾರೆ. ಎಲೆ ಕಿತ್ತು ಒಂದೇ ಬಣ್ಣದ ಹಾಳೆ ಮೇಲಿಟ್ಟು ತೆಗೆದ ಫೋಟೋಗೂ ಹಾಸನದ ಹೊಲದಲ್ಲಿ ಜುಲೈ ಸೋನೆಲಿ ಮಣ್ಣು ಮೆತ್ಕೊಂಡಿರೋ ಎಲೆಗೂ ಅಷ್ಟು ವ್ಯತ್ಯಾಸ ಇದೆ. ಆಪ್ ಮಾಡಿದವರನ್ನ ಕೇಳಬೇಕಾಗಿದ್ದು ಒಂದೇ, ಯಾವ ಹೊಲದಲ್ಲಿ ಪರೀಕ್ಷೆ ಮಾಡಿದ್ರಿ ಅಂತ.

ಭದ್ರಾ ಕಾಡಲ್ಲಿ ಹುಲಿ ಎಣಿಸೋಕೂ ಇದೇ ಗಣಿತನಾ?

ಹೌದು, ಚೆಂದದ ಉದಾಹರಣೆ. ಒಂದು ಹುಲಿ ಪಟ್ಟೆ ಇನ್ನೊಂದಕ್ಕಿಲ್ಲ, ಆದ್ರೆ ಹುಲಿ ಫೋಟೋಗೆ ಪೋಸ್ ಕೊಡಲ್ಲ, ಒಮ್ಮೆ ಬಗ್ಗಿರುತ್ತೆ ಒಮ್ಮೆ ತಿರುಗಿರುತ್ತೆ. 2009ರಲ್ಲಿ ಹೀಬಿ ಮತ್ತೆ ಜೊತೆಗಾರರು ಫೋಟೋನ ಹುಲಿಯ ಮೂರು ಆಯಾಮದ ಮೈ ಮೇಲೆ ಹೊದಿಸಿ, ಪಟ್ಟೆನ ಚಪ್ಪಟೆ ಮಾಡಿ ಹೋಲಿಸೋ ವಿಧಾನ ಪ್ರಕಟ ಮಾಡಿದ್ರು, ಅದರಿಂದ ಕಳ್ಳಬೇಟೆಲಿ ಸಿಕ್ಕ ಚರ್ಮ ಯಾವ ಹುಲಿದು ಅಂತಾನೂ ಪತ್ತೆ ಮಾಡ್ಬಹುದು. ಪಟ್ಟೆ ಯಾಕೆ ಮೂಡುತ್ತೆ ಅನ್ನೋಕೆ ಟ್ಯೂರಿಂಗ್ 1952ರಲ್ಲಿ ಕೊಟ್ಟ ಸಮೀಕರಣದಲ್ಲೂ ಆ ಕಾಫಿ ಒಣಗೋ ಹರಡುವಿಕೆನೇ ಇದೆ.

ಚಾರ್ಮಾಡಿ, ಶಿರಾಡಿ ಗುಡ್ಡ ಕುಸಿಯೋದು ಮೊದಲೇ ಹೇಳೋಕಾಗಲ್ವಾ?

ಇಂಥ ದಿನ ಇಂಥ ಜಾಗ ಅಂತ ಆಗಲ್ಲ. ಸಮೀಕರಣ ಇದೆ, ಆದ್ರೆ ಒಳಗಿನ ಮಣ್ಣು ಎಷ್ಟು ಗಟ್ಟಿ, ನೀರು ಎಲ್ಲಿ ನಿಂತಿದೆ ಅಂತ ಪ್ರತಿ ಮೀಟರಿಗೂ ಯಾರಿಗೂ ಗೊತ್ತಿಲ್ಲ. ಹಂಗಾಗಿ ಒಂದೇ ಲೆಕ್ಕ ಹಾಕದೆ, ಮಣ್ಣಿನ ಗುಣ ಬದಲಾಯಿಸ್ತಾ ಸಾವಿರಾರು ಸಲ ಓಡಿಸಿ ಯಾವ ಇಳಿಜಾರಿಗೆ ಅಪಾಯ ಜಾಸ್ತಿ ಅಂತ ಹೇಳ್ತೀವಿ. ರೇಡಾರ್ ಚಿತ್ರದಿಂದ ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜಾರೋದನ್ನ ಅಳೀಬಹುದು, ನಮ್ಮ ಕಡೆ ದಟ್ಟ ಕಾಡು, ತೋಟದ ಮರಗಳ ಎಲೆ ಅದನ್ನ ಕೆಡಿಸ್ತಿತ್ತು. 2025ರ ಜುಲೈನಲ್ಲಿ ಇಸ್ರೋ, ನಾಸಾ ಸೇರಿ ಹಾರಿಸಿದ ನಿಸಾರ್ ಉಪಗ್ರಹದ ಎಲ್-ಬ್ಯಾಂಡ್ ಅಲೆ ಉದ್ದ, ಸುಮಾರು 24 ಸೆಂಟಿಮೀಟರ್, ಎಲೆ ದಾಟಿ ಚೆನ್ನಾಗಿ ಹೋಗುತ್ತೆ. 2019ರಲ್ಲಿ ಚಾರ್ಮಾಡಿ ರಸ್ತೆ ಹೋಗಿದ್ದು ಕಣ್ಣಾರೆ ನೋಡಿದವಳು ನಾನು, ಈ ಡೇಟಾ ಮೇಲೆ ಮಲೆನಾಡಿನ ಹುಡುಗ್ರೇ ಕೂತು ಕೆಲಸ ಮಾಡ್ಬೇಕು ಅಂತ ನನ್ನ ಆಸೆ.

ನಮ್ಮವರು ಯಾರಾದ್ರೂ ಇದರಲ್ಲಿ ದೊಡ್ಡ ಕೆಲಸ ಮಾಡಿದಾರಾ?

ನೀವು ಕಳಿಸೋ ಪ್ರತಿ ಜೆಪೆಗ್ ಫೋಟೋ ಹಿಂದೆ ಒಬ್ಬರಿದಾರೆ. ಬೆಂಗಳೂರಲ್ಲಿ ಹುಟ್ಟಿ, ಅಲ್ಲೇ ಯುವಿಸಿಇಲಿ ಇಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್. ನಟರಾಜನ್, ರಾವ್ ಜೊತೆ 1974ರಲ್ಲಿ ಅವರು ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಮೇಲೇ 1992ರ ಜೆಪೆಗ್ ನಿಂತಿರೋದು. ಫೋಟೋನ 8ಕ್ಕೆ 8 ಚುಕ್ಕಿ ಚೌಕ ಮಾಡಿ, ಪ್ರತಿ ಚೌಕನ ಅಲೆಗಳಾಗಿ ಬಿಡಿಸಿ, ಕಣ್ಣಿಗೆ ಗೊತ್ತಾಗದ ಅಲೆ ಬಿಸಾಕೋದು. ಇವರ ಹೆಸರು ನಮ್ಮ ಹುಡುಗ್ರಿಗೆ ಗೊತ್ತೇ ಇಲ್ಲ, ಹೇಳಿದ್ರೆ ಕಣ್ಣರಳಿಸ್ತಾರೆ.

ಎಐ ಬಂದ್ಮೇಲೆ ಇದೆಲ್ಲ ಯಾಕೆ?

2023ರಲ್ಲಿ ಗೂಗಲ್ ಡೀಪ್‌ಮೈಂಡ್ ತಂದ ಗ್ರಾಫ್‌ಕಾಸ್ಟ್ ಹತ್ತು ದಿನದ ಹವಾಮಾನನ ಒಂದು ನಿಮಿಷದೊಳಗೆ ಹೇಳುತ್ತೆ, ನಿಜವಾಗ್ಲೂ ಅದ್ಭುತ. ಆದ್ರೆ ಅದು ಕಲಿತಿದ್ದು ಇಆರ್‌ಎ5 ಅನ್ನೋ ಸುಮಾರು ನಲವತ್ತು ವರ್ಷದ ಹವಾಮಾನ ಡೇಟಾದಿಂದ, ಆ ಡೇಟಾ ತಯಾರಾಗಿದ್ದು ಅಳತೆ ಮತ್ತೆ ಸಮೀಕರಣದ ಸಿಮ್ಯುಲೇಷನ್ ಎರಡೂ ಹೊಂದಿಸಿ. ಹಳೇ ಬೇರು ಕಿತ್ತು ಹೊಸ ಚಿಗುರು ಬರಲ್ಲ.

ಬಿಎಸ್ಸಿ ಆದ್ಮೇಲೆ ಎಲ್ಲಿ ಓದ್ಬೇಕು, ಕೆಲಸ ಸಿಗುತ್ತಾ?

ಎಂಎಸ್ಸಿಗೆ ಸೇರೋ ಜಾಮ್ ಪರೀಕ್ಷೆ ಬರೆದು ಐಐಟಿ, ಐಐಎಸ್‌ಸಿ, ಅಥವಾ ಬೆಂಗಳೂರಿನ ಟಿಐಎಫ್‌ಆರ್ ಸೆಂಟರ್ ಫಾರ್ ಅಪ್ಲಿಕೇಬಲ್ ಮ್ಯಾಥಮ್ಯಾಟಿಕ್ಸ್‌ನ ಎಂಟ್ರೆನ್ಸ್ ನೋಡಿ, ಅಲ್ಲಿ ಈ ಸಮೀಕರಣಗಳೇ ಮುಖ್ಯ ವಿಷಯ. ಕೆಲಸ ಮೆಡಿಕಲ್ ಸ್ಕ್ಯಾನರ್, ವಿಮಾನ, ಕಾರು, ಹವಾಮಾನ ಈ ಕಡೆ ಇದೆ, ಆದ್ರೆ ಡಿಗ್ರಿ ಮುಗಿದ ಮರುದಿನ ಸಿಗಲ್ಲ, ಓದು ಉದ್ದ, ಅಪ್ಪ ಅಮ್ಮಂದಿರಿಗೆ ಅದನ್ನ ಮೊದಲೇ ಹೇಳ್ಬಿಡ್ತೀನಿ. ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಗಟ್ಟಿ ಇರ್ಲಿ, ಪೈಥಾನ್ ಬರ್ಲಿ. ಇಂಗ್ಲಿಷ್ ಬರಲ್ಲ ಅಂತ ಹಿಂಜರೀಬೇಡಿ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳು ಕನ್ನಡದಲ್ಲೂ ಇವೆ.

ಇವತ್ತೇ ಏನಾದ್ರೂ ಮಾಡಿ ನೋಡ್ಬೇಕು ಅಂದ್ರೆ?

ನಿಮ್ಮದೇ ಫೋನಿನ ಒಂದು ಫೋಟೋ ಕಪ್ಪು ಬಿಳುಪು ಮಾಡ್ಕೊಳಿ, ಪೈಥಾನ್ ಅಥವಾ ಆಕ್ಟೇವ್ ಎರಡೂ ಫ್ರೀ, ಯಾವುದಾದ್ರೂ ಸರಿ. ಪ್ರತಿ ಚುಕ್ಕಿಗೂ ನಾಲ್ಕು ನೆರೆ ಚುಕ್ಕಿ ಕೂಡಿಸಿ, ಅದರಲ್ಲಿ ಆ ಚುಕ್ಕಿಯ ನಾಲ್ಕು ಪಟ್ಟು ಕಳೆದು, ಬಂದಿದ್ದನ್ನ 0.24ರಿಂದ ಗುಣಿಸಿ ಆ ಚುಕ್ಕಿಗೆ ಸೇರಿಸಿ. ಇಷ್ಟೇ ಒಂದು ಹೆಜ್ಜೆ, ಇದನ್ನ ನೂರು ಸಲ ಮಾಡಿ, ಫೋಟೋ ಮೆತ್ತಗೆ ಕರಗೋದು ಕಾಣುತ್ತೆ. ಆಮೇಲೆ 0.24 ತೆಗೆದು 0.26 ಹಾಕಿ, ಬೇರೆ ಏನೂ ಮುಟ್ಬೇಡಿ. ಮೊದಮೊದಲು ವ್ಯತ್ಯಾಸ ಏನೂ ಗೊತ್ತಾಗಲ್ಲ, ಆಮೇಲೆ ಮೂಲೆಲೆಲ್ಲೋ ಚೆಸ್ ಬೋರ್ಡಿನ ಹಾಗೆ ಕಪ್ಪು ಬಿಳಿ ಚೌಕ ಏಳುತ್ತೆ, ಪ್ರತಿ ಹೆಜ್ಜೆಗೂ 1.08 ಪಟ್ಟು, ನೂರು ಹೆಜ್ಜೆಗೆ ಸುಮಾರು 2,200 ಪಟ್ಟು ಬೆಳೆದು ಇಡೀ ಫೋಟೋನೇ ನುಂಗುತ್ತೆ. ಅಂಚು 0.25ರಲ್ಲೇ ಯಾಕಿದೆ ಅಂತ ಒಂದು ಹಾಳೆ ತಗೊಂಡು ಯೋಚನೆ ಮಾಡಿ, ಚೆಸ್ ಬೋರ್ಡ್ ಚಿತ್ರಕ್ಕೆ ಆ ಒಂದು ಹೆಜ್ಜೆನ ಕೈಯಲ್ಲೇ ಹಾಕಿ ನೋಡಿದ್ರೆ ಉತ್ತರ ಸಿಗುತ್ತೆ.